ಚಳಿಗಾಲದಲ್ಲಿ ತುಂಗಾ ತೀರದ ಹಕ್ಕಿಗಳು

ಪ್ರಶ್ನೆ: ಡಿಸೆಂಬರ್‌ನಲ್ಲಿ ಕಚೇರಿಯ ಕೆಲಸದ ಮೇಲೆ ಶಿವಮೊಗ್ಗಕ್ಕೆ ಹೋಗಲಿದ್ದೇನೆ. ಬೆಳಗಿನ ಹೊತ್ತು ಮಾತ್ರ ಬಿಡುವಿರುತ್ತದೆ. ಪಕ್ಷಿವೀಕ್ಷಣೆಗೆ ನಾನು ಹೊಸಬಳು. ಮಂಡಗದ್ದೆ ಪಕ್ಷಿಧಾಮಕ್ಕೆ ಹೋಗಿಬರಲೇ, ಇಲ್ಲವೇ ನಗರದ ತುಂಗಾ ತೀರದಲ್ಲೇ ಹಕ್ಕಿಗಳು ಕಾಣಸಿಗುವವೇ? ಎಂಥ ಬೈನಾಕ್ಯುಲರ್ ಕೊಳ್ಳಬೇಕು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಈ ಸಲ ಮಂಡಗದ್ದೆಯನ್ನು ಬಿಟ್ಟು ನಗರದ ಹೊಳೆದಂಡೆಯಲ್ಲೇ ಇರಿ. ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿ.ಮೀ. ದೂರದಲ್ಲಿರುವ ಮಂಡಗದ್ದೆಯಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ನದಿಯ ನಡುಗಡ್ಡೆಯ ಮರಗಳ ಮೇಲೆ ಗೂಡು ಕಟ್ಟುವುದು ಮಳೆಗಾಲದಲ್ಲಿ. ಹೊಳೆ ತುಂಬಿ ಸುತ್ತಲೂ ನೀರು ನಿಂತಾಗ ದಡದಿಂದ ಬರುವ ಪ್ರಾಣಿಗಳ ಕಾಟ ಗೂಡುಗಳಿಗೆ ಕಡಿಮೆ. ಮರಿಗಳು ಬೆಳೆದು ಹಾರಿಹೋದ ಮೇಲೆ ಆ ಸಂದಣಿ ಅಲ್ಲಿರುವುದಿಲ್ಲ. ಅದನ್ನು ಜುಲೈ–ಸೆಪ್ಟೆಂಬರ್ ನಡುವಿನ ಪ್ರವಾಸಕ್ಕೆ ಇಟ್ಟುಕೊಳ್ಳಿ.

ಮಳೆಗಾಲದಲ್ಲಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೇ ಎಂದು ಊರವರೆಲ್ಲ ನೋಡಲು ಹೋಗುವ ಇದೇ ತುಂಗೆ, ಡಿಸೆಂಬರ್ ಹೊತ್ತಿಗೆ ಇಳಿದು, ಪಾತ್ರದ ಬಂಡೆಗಳು ಹೊರಗೆ ಬಂದಿರುತ್ತವೆ. ನೀವು ನೋಡಬೇಕಾದದ್ದು ಆ ಬಂಡೆಗಳನ್ನು. ರೆಕ್ಕೆ ಬಿಚ್ಚಿ ಬಿಸಿಲಿಗೊಡ್ಡಿ ಕುಳಿತ ಕಪ್ಪು ಹಕ್ಕಿ ಕಂಡರೆ ಕೊಕ್ಕನ್ನು ಗಮನಿಸಿ: ತುದಿ ಕೆಳಕ್ಕೆ ಬಾಗಿದ್ದರೆ ನೀರುಕಾಗೆ, ನೆಟ್ಟಗೆ ಚೂಪಾಗಿದ್ದರೆ ಹಾವಕ್ಕಿ. ಇವೆರಡರ ಗರಿಗಳೂ ನೀರಿನಲ್ಲಿ ನೆನೆಯುತ್ತವೆ. ಮುಳುಗಿ ಮೀನು ಹಿಡಿಯಲು ಅದು ಅನುಕೂಲ, ಆದರೆ ಮೇಲೆ ಬಂದೊಡನೆ ಒಣಗಿಸಿಕೊಳ್ಳಲೇಬೇಕು. ಈಜುವಾಗ ಹಾವಕ್ಕಿಯ ಮೈ ನೀರೊಳಗಿದ್ದು, ಕತ್ತು ಮಾತ್ರ ಹಾವಿನಂತೆ ಮೇಲೆ ಕಾಣುತ್ತದೆ.

ಬಂಡೆಯಂಚಿನಲ್ಲಿ ಬಾಲ ಆಡಿಸುತ್ತ ಓಡಾಡುವ ಸಣ್ಣ ಹಕ್ಕಿಗಳು ಹೊಸಬರನ್ನು ಗೊಂದಲಕ್ಕೀಡುಮಾಡುತ್ತವೆ. ಕಪ್ಪು ತಲೆಯ, ಬಿಳಿ ಹುಬ್ಬಿನ ದೊಡ್ಡ ಕುಂಡೆಕುಸ್ಕ (ವ್ಯಾಗ್‌ಟೇಲ್) ವರ್ಷವಿಡೀ ಇಲ್ಲೇ ಇರುವಂಥದ್ದು. ಬೆನ್ನು ಬೂದಾಗಿ, ಹೊಟ್ಟೆಯ ಕೆಳಭಾಗ ಹಳದಿಯಾಗಿರುವುದು ಉತ್ತರದಿಂದ ಚಳಿಗಾಲಕ್ಕೆ ಬಂದ ಅದರ ನೆಂಟ. ದೇಹದ ಹಿಂಭಾಗವನ್ನೇ ಬಿಡದೆ ಮೇಲೆ ಕೆಳಗೆ ಆಡಿಸುತ್ತ, ಎದೆಯ ಬಿಳುಪು ಭುಜದತ್ತ ಏರಿರುವ ಕಂದು ಹಕ್ಕಿಯಾದರೆ ಅದು ಗೊರವದ (ಸ್ಯಾಂಡ್‌ಪೈಪರ್) ಜಾತಿ, ಅದೂ ವಲಸೆ ಬಂದದ್ದೇ. ಕಪ್ಪು–ಬಿಳುಪು ಮಿಂಚುಳ್ಳಿ ಒಂದೆಡೆ ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಂತು, ನೀರಿಗೆ ನೇರವಾಗಿ ಎರಗುವುದನ್ನು ಒಮ್ಮೆ ನೋಡಿದರೆ, ಮತ್ತೆ ಅದನ್ನು ದೂರದಿಂದಲೇ ಗುರುತಿಸುತ್ತೀರಿ.

ಊರೆಲ್ಲ ಸುತ್ತಬೇಡಿ. ಸೂರ್ಯ ಬೆನ್ನಿಗಿರುವಂತೆ, ಬಂಡೆಗಳು ಕಾಣುವ ಒಂದೇ ಜಾಗದಲ್ಲಿ ಗಂಟೆಗಟ್ಟಲೆ ಕುಳಿತುಕೊಳ್ಳುವುದೇ ಒಳ್ಳೆಯದು. ಎದುರು ಬೆಳಕಿನಲ್ಲಿ ಹಕ್ಕಿಯ ಬಣ್ಣ ತಿಳಿಯದೆ ಬರೀ ಕಪ್ಪು ಆಕಾರ ಕಾಣುತ್ತದೆ. ಚರಂಡಿ ನೀರು ನದಿಗೆ ಸೇರುವ ಕಡೆ ಬೆಳ್ಳಕ್ಕಿಗಳು ಗುಂಪುಗೂಡಿರಬಹುದು. ಹಕ್ಕಿ ಹೆಚ್ಚಿದೆ ಎಂದ ಮಾತ್ರಕ್ಕೆ ಹೊಳೆ ಚೆನ್ನಾಗಿದೆ ಎಂದು ತಿಳಿಯದಿರಿ. ಕೊಳೆ ನೀರಿನ ಹುಳುಗಳಿಗಾಗಿಯೂ ಅವು ಬರುತ್ತವೆ, ಇದು ನಮಗೆ ನಿಜಕ್ಕೂ ನೋವಿನ ವಿಷಯ.

ಬೈನಾಕ್ಯುಲರ್ 8×42 ಸಾಕು. 8 ಎಂದರೆ ಎಂಟು ಪಟ್ಟು ಹತ್ತಿರ, 42 ಎಂದರೆ ಮುಂದಿನ ಮಸೂರದ ವ್ಯಾಸ ಮಿಲಿಮೀಟರುಗಳಲ್ಲಿ. ಮಂಜಿನ ಮುಂಜಾನೆಯ ಮಂದ ಬೆಳಕಿಗೆ ಅಷ್ಟು ಅಗಲ ಬೇಕು. ಅಂಗಡಿಯವರು ಹೆಚ್ಚು ಪಟ್ಟಿನದನ್ನು ತೋರಿಸಿದರೂ ಒಪ್ಪಿಕೊಳ್ಳಬೇಡಿ, ಕೈ ನಡುಕವೂ ಅಷ್ಟೇ ಪಟ್ಟು ಹಿಗ್ಗಿ, ಅಲುಗುವ ಬಾಲದ ಹಕ್ಕಿ ನೋಟಕ್ಕೆ ನಿಲ್ಲುವುದಿಲ್ಲ.