ಜೈಲಿನಲ್ಲಿ ಹೊಡೆದರೆ ಪರಿಹಾರ ಸಿಗುತ್ತದಾ?

ಪ್ರಶ್ನೆ: ನನ್ನ ತಮ್ಮ ವಿಚಾರಣಾಧೀನ ಕೈದಿ. ಮೊನ್ನೆ ನೋಡಲು ಹೋದಾಗ ಎಡಗೈ ಬಾತುಕೊಂಡಿತ್ತು, ಸಿಬ್ಬಂದಿ ಲಾಠಿಯಲ್ಲಿ ಹೊಡೆದರಂತೆ. ಪರಿಹಾರ ಕೇಳಬಹುದಾ ಸಾರ್?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಧಾರಾಳವಾಗಿ ಕೇಳಿ. ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲೇ ಕೊಳೆತ ಬಿಹಾರದ ರುದುಲ್ ಸಾಹ ಅವರಿಗೆ 1983ರಲ್ಲಿ ಸುಪ್ರೀಂ ಕೋರ್ಟ್ ಒಟ್ಟು 35,000 ರೂಪಾಯಿ ಕೊಡಿಸಿತು (ಇಷ್ಟೇನಾ ಅನ್ನಿಸುತ್ತದೆ, ಅಲ್ವಾ?), ಆಮೇಲಿನ ಎಷ್ಟೋ ಕೇಸುಗಳಿಗೆ ಅದೇ ದಾರಿಯಾಯಿತು. ಮೊದಲು ಗಾಯ ದಾಖಲಾಗಬೇಕು. ಬಾವು ಇಳಿಯುವ ಮುಂಚೆ ಡಾಕ್ಟರ್ ವರದಿ ಆಗಲಿ, ಮುಂದಿನ ವಾಯಿದೆಯಲ್ಲಿ ತಮ್ಮನೇ ಜಡ್ಜ್ ಮುಂದೆ ಕೈ ತೋರಿಸಿ ಹೇಳಲಿ. ಪರಿಹಾರ ಕೇಳಿ ಹೈಕೋರ್ಟಿಗೆ ರಿಟ್ (ಮೂಲಭೂತ ಹಕ್ಕಿಗೆ ಧಕ್ಕೆಯಾದಾಗ ನೇರವಾಗಿ ಹಾಕುವ ಅರ್ಜಿ) ಹಾಕಲು ಹತ್ತಿರ ಅಂತ ಸುಮ್ನೆ ಧಾರವಾಡಕ್ಕೆ ಹೋಗಬೇಡಿ, ದಾವಣಗೆರೆ ಬೆಂಗಳೂರು ಪೀಠಕ್ಕೆ ಸೇರುತ್ತದೆ. ಫೀಸಿನ ಚಿಂತೆ ಬೇಡ, ಬಂಧನದಲ್ಲಿರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಉಚಿತವಾಗಿ ಕೊಡುತ್ತದೆ.