ಅಪ್ಪಯ್ಯನ ಕುರ್ಚಿ ಇದ್ದ ಜಾಗ

(ಗುರುತು ಸಿಗದಂತೆ ಊರು, ಉದ್ಯೋಗ ಮತ್ತು ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅಣ್ಣ-ತಮ್ಮ ಇಬ್ಬರೂ ಒಪ್ಪಿದ್ದಾರೆ.)

2024ರ ದೀಪಾವಳಿ ಮುಗಿದು ಮೂರು ದಿನವಾಗಿತ್ತು. ಮಲೆನಾಡಿನಲ್ಲಿ ಅದು ದೊಡ್ಡಹಬ್ಬ. ಹಬ್ಬದ ವಾರ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಯಾರೂ ಬರುವುದಿಲ್ಲ, ಹಬ್ಬ ಮುಗಿದ ವಾರ ಕುರ್ಚಿ ಸಾಲುವುದಿಲ್ಲ. ಆ ವಾರ ಬಂದವರಲ್ಲಿ ಒಬ್ಬರು ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಲವತ್ಮೂರರ ಗೃಹಸ್ಥರು. ಶಿರಸಿ ಕಡೆಯ ಅಡಿಕೆ ತೋಟದ ಮನೆಯವರು. ಹೆಂಡತಿ, ಒಂಬತ್ತು ವರ್ಷದ ಮಗಳ ಜೊತೆ ಊರಿಗೆ ಬಂದು ಹತ್ತು ದಿನವಾಗಿತ್ತು. ಅದಕ್ಕೆ ಮೊದಲು ಬಂದದ್ದು 2017ರ ಜನವರಿಯಲ್ಲಿ, ತಮ್ಮನ ಮದುವೆಗೆ. ಇಲ್ಲಿ ಅವರನ್ನು ಅಣ್ಣ ಎಂದೇ ಕರೆಯುತ್ತೇನೆ.

ಮೊದಲ ಸಲ ಕೂತಾಗ ಮುಕ್ಕಾಲು ಗಂಟೆ ಅವರು ಮಾತಾಡಿದ್ದು ಬಚ್ಚಲುಮನೆಯ ಬಗ್ಗೆ. ಒಲೆಯ ಹೊಗೆ ಆಯಿಯ, ಅಂದರೆ ತಾಯಿಯ, ಕಣ್ಣಿಗೆ ಆಗುವುದಿಲ್ಲ ಅಂತ ಬಂದ ಮೂರನೇ ದಿನವೇ ಪೇಟೆಯಿಂದ ಗೀಸರ್ ತರಿಸಿ ಹಾಕಿಸಿದರಂತೆ. ತಮ್ಮನನ್ನು ಕೇಳಿರಲಿಲ್ಲ. ಅಲ್ಲಿಯ ವೋಲ್ಟೇಜಿಗೆ ಅದರಲ್ಲಿ ನೀರು ಬಿಸಿಯಾಗಲೇ ಇಲ್ಲ. ಆಮೇಲೆ ವೈಫೈ, ಆಮೇಲೆ ಆಯಿಯ ಹಾಸಿಗೆ, ಆಮೇಲೆ ಕೊಟ್ಟಿಗೆಯ ಹೆಂಚು. ಬಲಿಪಾಡ್ಯದ ದಿನ ಗೋಪೂಜೆ ಮುಗಿದು ದನಗಳ ಕೊರಳಲ್ಲಿ ಅಡಿಕೆ, ಚೆಂಡುಹೂವಿನ ಮಾಲೆ ಇನ್ನೂ ಇರುವಾಗಲೇ ಜಗಲಿಯಲ್ಲಿ ಅಣ್ಣ-ತಮ್ಮನಿಗೆ ಜಟಾಪಟಿಯಾಯಿತು. ವಿಷಯ, ಜಗಲಿಯ ಮೂಲೆಯಲ್ಲಿದ್ದ ಅಡಿಕೆ ಸುಲಿಯುವ ಮಷಿನ್. ‘ಇದನ್ನ ಕೊಟ್ಟಿಗೆಗೆ ಸಾಗಿಸು, ಮನೆ ಕಾರ್ಖಾನೆ ಥರ ಕಾಣ್ತದೆ’ ಅಂದರು ಅಣ್ಣ. ತಮ್ಮ ದನಿ ಏರಿಸಲಿಲ್ಲ. ‘ನೀನು ನೆಂಟ. ನಾಲ್ಕು ದಿನ ಉಂಡು ಹೋಗು’ ಅಂದ.

ಅವತ್ತಿನಿಂದ ರಾತ್ರಿ ಎರಡಕ್ಕೆ ಎಚ್ಚರ, ಆಮೇಲೆ ನಿದ್ದೆ ಇಲ್ಲ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಅವರು ಹೊರಟಾಗ ನ್ಯೂಜೆರ್ಸಿಗೂ ನಮಗೂ ಒಂಬತ್ತೂವರೆ ಗಂಟೆ ಅಂತರ, ಮೈಯೊಳಗಿನ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಹೊಂದಿಕೊಳ್ಳುತ್ತದೆ, ಇನ್ನೆರಡು ದಿನದಲ್ಲಿ ಸರಿಯಾದೀತು ಅಂದುಕೊಂಡೆ. ಬೆಳಿಗ್ಗೆ ಬಿಸಿಲಿಗೆ ನಡೆಯಿರಿ, ಮಧ್ಯಾಹ್ನ ಮಲಗಬೇಡಿ ಎಂದೆ. ತಮ್ಮನ ಜೊತೆ ಹೇಗೆ ಮಾತಾಡಬೇಕೆಂದು ಒಂದಷ್ಟು ಉಪದೇಶವನ್ನೂ ಕೊಟ್ಟೆ. ಅವರು ಸೌಜನ್ಯದಿಂದ ಕೇಳಿಸಿಕೊಂಡು ಎದ್ದರು. ಬಾಗಿಲಾಚೆ ಚಪ್ಪಲಿ ಮೆಟ್ಟುತ್ತಾ, ‘ಮೇಡಂ, ಆ ಮಷಿನ್ ಇರೋ ಜಾಗದಲ್ಲಿ ನಮ್ಮ ಅಪ್ಪಯ್ಯನ ಕುರ್ಚಿ ಇತ್ತು’ ಅಂದರು.

ಈ ಕೆಲಸದಲ್ಲಿರುವವರಿಗೆ ಗೊತ್ತು, ಚಪ್ಪಲಿ ಮೆಟ್ಟುವಾಗ ಬರುವ ಮಾತಿಗಾಗಿಯೇ ಜನ ಅಷ್ಟು ದೂರ ಬಂದಿರುತ್ತಾರೆ. ಅವರು ತುಂಬಿದ ಫಾರಂ ತೆಗೆದು ನೋಡಿದೆ. ತಂದೆಯ ಕಾಲಂ ಖಾಲಿ. ನಾನು ಗಮನಿಸಿರಲಿಲ್ಲ.

ಎರಡು ದಿನ ಬಿಟ್ಟು ಮತ್ತೆ ಬಂದರು. ಅಪ್ಪಯ್ಯ ತೀರಿಕೊಂಡದ್ದು 2021ರ ಮೇ ತಿಂಗಳಲ್ಲಿ, ಕೋವಿಡ್ ಎರಡನೇ ಅಲೆಯ ನಟ್ಟನಡುವೆ. ಕೋವಿಡ್ ಅಲ್ಲ, ಹೃದಯಾಘಾತ. ಬೆಂಕಿ ಕೊಟ್ಟಿದ್ದು ತಮ್ಮ. ದೊಡ್ಡ ಮಗ ನ್ಯೂಜೆರ್ಸಿಯ ಮನೆಯ ಗ್ಯಾರೇಜಿನಲ್ಲಿ, ಮಗಳಿಗೆ ಕಾಣಬಾರದೆಂದು ಬಾಗಿಲು ಹಾಕಿಕೊಂಡು, ಫೋನಿನಲ್ಲಿ ನೋಡುತ್ತಿದ್ದರು. ಅಲ್ಲಿ ಫೋನ್ ಹಿಡಿದಿದ್ದ ಚಿಕ್ಕಪ್ಪನ ಮಗ ಗದ್ದೆಯ ಬದುವಿನ ಮೇಲೆ ಎರಡು ಹೆಜ್ಜೆ ಹಿಂದೆ ಸರಿದ, ಸಿಗ್ನಲ್ ಹೋಯಿತು. ಪರದೆಯ ಮೇಲೆ ನಿಂತುಬಿಟ್ಟ ಚಿತ್ರದಲ್ಲಿ ಇದ್ದದ್ದು ತಮ್ಮನ ಒದ್ದೆ ಬೆನ್ನು ಮಾತ್ರ. ‘ನನ್ನ ಕಣ್ಣಲ್ಲಿ ಅಪ್ಪಯ್ಯ ಇನ್ನೂ ಸುಟ್ಟಿಲ್ಲ ಮೇಡಂ’ ಅಂದರು. ಮರುದಿನ ಬೆಳಿಗ್ಗೆ ಆಫೀಸಿನ ಮೀಟಿಂಗಿನಲ್ಲಿ ಕೂತಿದ್ದರಂತೆ.

ಯಾಕೆ ಬರಲಿಲ್ಲ? ಇದನ್ನು ಊರಿನವರು ಎದುರಿಗೆ ಕೇಳಿಲ್ಲ, ಹಿಂದಿನಿಂದ ಆಡಿಕೊಂಡಿದ್ದಾರೆ. ಉತ್ತರ ಸ್ವಲ್ಪ ಗೋಜಲು. ಅಮೆರಿಕದಲ್ಲಿ ತಾತ್ಕಾಲಿಕ ಉದ್ಯೋಗಕ್ಕಿರುವ ಎಚ್-1ಬಿ ಮೇಲೆ ಇರುವವರಿಗೆ ಅಲ್ಲಿ ಉಳಿದು ಕೆಲಸ ಮಾಡುವ ಅನುಮತಿ ಬೇರೆ, ಪಾಸ್‌ಪೋರ್ಟಿನಲ್ಲಿ ಅಂಟಿಸುವ ವೀಸಾ ಬೇರೆ. ಅನುಮತಿಯನ್ನು ಅಲ್ಲಿದ್ದುಕೊಂಡೇ ಮುಂದುವರಿಸಿಕೊಳ್ಳಬಹುದು. ವೀಸಾ ಅವಧಿ ಮುಗಿದವರು ಒಮ್ಮೆ ದೇಶ ಬಿಟ್ಟರೆ, ಮರಳಿ ಹೋಗುವ ಮೊದಲು ಅಮೆರಿಕದ ಕಾನ್ಸುಲೇಟಿನಲ್ಲಿ ಹೊಸದು ಹಾಕಿಸಿಕೊಳ್ಳಲೇಬೇಕು. ಇವರು ಸ್ಟಾಂಪಿಂಗ್ ಅನ್ನುವುದು ಅದಕ್ಕೇ. ಅಲ್ಲೇ ಕಾಯಂ ನೆಲೆಸಲು ಬಿಡುವ ಗ್ರೀನ್ ಕಾರ್ಡ್ ಬಂದಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ. ಆದರೆ ವರ್ಷದ ಗ್ರೀನ್ ಕಾರ್ಡುಗಳಲ್ಲಿ ಒಂದೊಂದು ದೇಶಕ್ಕೆ ಶೇ. 7ರ ಮಿತಿ ಇರುವುದರಿಂದ ಇವರ ವರ್ಗದಲ್ಲಿ 2024ರ ಕೊನೆಗೂ ಭಾರತೀಯರ ಸರದಿ 2012ರ ಅರ್ಜಿಗಳ ಹತ್ತಿರವೇ ನಿಂತಿತ್ತು. ಇವರು ಅರ್ಜಿ ಹಾಕಿದ್ದು 2015ರಲ್ಲಿ.

2021ರ ಮೇನಲ್ಲಿ ಕಾನ್ಸುಲೇಟುಗಳ ಮಾಮೂಲಿ ಅಪಾಯಿಂಟ್‌ಮೆಂಟ್ ನಿಂತಿತ್ತು. ಮೇ 4ರಿಂದ ಭಾರತದಿಂದ ಹೋಗುವವರಿಗೆ ಅಮೆರಿಕ ನಿರ್ಬಂಧವನ್ನೂ ಹೇರಿತ್ತು. ಅಮೆರಿಕದ ಪ್ರಜೆಯಾದ ಮಗುವಿನ ತಂದೆ-ತಾಯಿಗೆ ಆ ನಿರ್ಬಂಧದಿಂದ ವಿನಾಯಿತಿ ಇತ್ತು, ಇವರ ಮಗಳು ಹುಟ್ಟಿದ್ದು ಅಲ್ಲೇ. ವಿನಾಯಿತಿಯ ವಿಷಯ ಇವರಿಗೆ ಗೊತ್ತಾದದ್ದು ಹದಿಮೂರನೇ ದಿನವೂ ಕಳೆದ ಮೇಲೆ. ಸ್ಟಾಂಪಿಂಗ್ ತೊಡಕು ಹೇಗೂ ಇದ್ದೇ ಇತ್ತು ಅಂತ ಬುದ್ಧಿಗೆ ಗೊತ್ತು. ರಾತ್ರಿ ಎರಡು ಗಂಟೆಗೆ ಬುದ್ಧಿ ಕೆಲಸ ಮಾಡುವುದಿಲ್ಲವಲ್ಲ.

ಆಯಿಗೆ ಇದರಲ್ಲಿ ಒಂದಕ್ಷರವೂ ಗೊತ್ತಿರಲಿಲ್ಲ. ಹೆದರಿಯಾಳು ಅಂತ ಇವರು ಹೇಳಿಲ್ಲ. ದುಡ್ಡಿದೆ, ರಜೆ ಇದೆ, ಆದರೂ ಬರಲಿಲ್ಲ ಅಂದರೆ ಮನಸ್ಸಿಲ್ಲ ಅಂತ ಆಕೆ ತಿಳಿದಿದ್ದರು. ಈ ಸಲವೂ ಚೆನ್ನೈನಲ್ಲಿ ಸ್ಟಾಂಪಿಂಗ್ ಅಪಾಯಿಂಟ್‌ಮೆಂಟ್ ಇತ್ತು, ರಜೆಯ ಒಂದೊಂದು ದಿನದ ಮೇಲೂ ಅದರ ಭಯ ಕೂತಿತ್ತು. ಅದನ್ನೂ ಮನೆಯಲ್ಲಿ ಹೇಳಿರಲಿಲ್ಲ, ‘ಚೆನ್ನೈನಲ್ಲಿ ಆಫೀಸ್ ಕೆಲಸ’ ಅಂದಿದ್ದರು.

ಹೆಣ ನೋಡದೆ, ಕರ್ಮ ಮಾಡದೆ, ಹೇಳಿಕೊಳ್ಳುವವರಿಲ್ಲದೆ ಉಳಿದ ದುಃಖಕ್ಕೆ ನಮ್ಮ ಮನಃಶಾಸ್ತ್ರದಲ್ಲಿ ಹೆಸರುಗಳಿವೆ. ಇಂಥ ಮುಗಿಯದ ಅಗಲಿಕೆಯ ಬಗ್ಗೆ ಅಮೆರಿಕದ ಸಂಶೋಧಕಿ, ಕುಟುಂಬ ಚಿಕಿತ್ಸಕಿ ಪೌಲೀನ್ ಬಾಸ್ 1970ರ ದಶಕದಿಂದ ಕೆಲಸ ಮಾಡಿದ್ದಾರೆ. ಅದನ್ನೆಲ್ಲ ಅವರೆದುರು ಬಿಚ್ಚಲಿಲ್ಲ. ಕಾಯಿಲೆಯ ಮಟ್ಟದ ದುಃಖವೋ ಎಂದು ಪರೀಕ್ಷಿಸುವಷ್ಟು ಪ್ರಶ್ನೆ ಕೇಳಿದೆ, ಹಾಗೆ ಕಾಣಲಿಲ್ಲ. ವಾಪಸು ಹೋಗಿ ಎರಡು ತಿಂಗಳಾದರೂ ನಿದ್ದೆ ಬರದಿದ್ದರೆ ಅಲ್ಲಿಯೇ ಮನೋವೈದ್ಯರನ್ನು ನೋಡಿ ಎಂದೆ.

ಮೂರನೇ ಸಲ ತಮ್ಮನನ್ನು ಒಬ್ಬನನ್ನೇ ಕರೆಸಿದೆ. ಅಡಿಕೆ ಕೊನೆ ಕೊಯ್ಲು ಹತ್ತಿರ ಬಂದಿದೆ, ಮರ ಹತ್ತಿ ಕೊಯ್ಯುವ ಕೊನೆಗೌಡ ಸಿಗುತ್ತಿಲ್ಲ, ಎಲೆಚುಕ್ಕೆ ರೋಗ ಬೇರೆ ಅಂತ ಹತ್ತು ನಿಮಿಷ ತೋಟದ್ದೇ ಮಾತು. ಆಮೇಲೆ: ‘ಮೂರು ವರ್ಷದಿಂದ ತಿಥಿ ಮಾಡ್ತಾ ಇರೋದು ನಾನು. ಅವತ್ತು ಏನಾಯ್ತು ಅಂತ ಅಣ್ಣ ಒಂದು ದಿನ ಕೇಳಿದ್ದಿಲ್ಲ. ದುಡ್ಡು ಕಳಿಸಿದ.’ ಮಷಿನ್ ತೆಗೆದುಕೊಂಡದ್ದು ಆ ದುಡ್ಡಿನಲ್ಲೇ. ಸುಲಿಯಲು ಆಳಿಲ್ಲ, ರಾತ್ರಿ ಹನ್ನೊಂದರವರೆಗೆ ಆಯಿಯೇ ಮೆಟ್ಟುಗತ್ತಿಯ ಮುಂದೆ ಕೂರುತ್ತಿದ್ದರಂತೆ. ಕುರ್ಚಿ? ಅದರ ಬೆತ್ತ ಹರಿದಿತ್ತು, ಸಾಯುವ ಮೊದಲು ಅಪ್ಪಯ್ಯನೇ ಅದನ್ನು ಅಟ್ಟಕ್ಕೆ ಹಾಕಿಸಿದ್ದರು. ಅಣ್ಣ ಅದನ್ನೂ ಕೇಳಿರಲಿಲ್ಲ.

ನಾನು ಅಣ್ಣನಿಗೆ ಹೇಳಿದ್ದು ಇಷ್ಟು. ಉಳಿದ ಹನ್ನೆರಡು ದಿನ ಆ ಮನೆಯಲ್ಲಿ ಏನನ್ನೂ ರಿಪೇರಿ ಮಾಡಬೇಡಿ, ಏನನ್ನೂ ಕೊಂಡು ತರಬೇಡಿ. ಸಾಲ ತೀರಿಸುವ ಹಾಗೆ ಖರ್ಚು ಮಾಡುತ್ತಿದ್ದೀರಿ, ಮನೆಯಲ್ಲಿ ಇರುವವರಿಗೆ ಅದು ತಪ್ಪು ಎಣಿಸಿದ ಹಾಗೆ ಕೇಳುತ್ತದೆ. ತಮ್ಮನ ಹತ್ತಿರ ಕ್ಷಮೆ ಕೇಳುವುದು ಆಮೇಲಿರಲಿ. ಮೊದಲು ಅವನ ಜೊತೆ ತೋಟಕ್ಕೆ ಹೋಗಿ, ಜಗಲಿಯಲ್ಲಿ ಬೇಡ. ‘ಅವತ್ತು ಬೆಳಿಗ್ಗೆಯಿಂದ ಏನಾಯ್ತು, ಹೇಳು’ ಎಂದು ಕೇಳಿ. ಅವನು ಮುಗಿಸುವವರೆಗೆ ಅಮೆರಿಕದ ಕಥೆ ತೆಗೆಯಬೇಡಿ. ಸ್ಟಾಂಪಿಂಗ್ ಅಂದರೇನು ಅಂತ ಪಾಸ್‌ಪೋರ್ಟ್ ಬಿಡಿಸಿ ತೋರಿಸಿ ಆಯಿಗೆ ಹೇಳಿ, ಹೆದರಿದರೆ ಹೆದರಲಿ. ನಾನೀಗ ಕರ್ಮ ಮಾಡಬಹುದೇ ಎಂದು ಕೇಳಿದರು. ಅದು ನನಗೆ ತಿಳಿಯದ ವಿಷಯ, ಪುರೋಹಿತರನ್ನು ಕೇಳಿ, ತಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಿ ಕೇಳಿ ಎಂದೆ.

ಇನ್ನೊಂದು ಸಣ್ಣ ದೂರು ಇತ್ತು, ನನಗೆ ಅದೇ ದೊಡ್ಡದಾಗಿ ಕಂಡಿತು. ಇವರು ಬರುವ ಹಿಂದಿನ ದಿನ ಆಯಿ ಪೇಟೆಯಿಂದ ಇಪ್ಪತ್ತು ಲೀಟರಿನ ನೀರಿನ ಕ್ಯಾನು ತರಿಸಿಟ್ಟಿದ್ದರು. ಬಾವಿಗೆ ಹೋಗಿ ಕೊಡಪಾನ ಎತ್ತಿದರೆ, ‘ಅಪ್ಪೀ, ನೀ ಸುಮ್ನೆ ಕೂತ್ಗ, ನಿಂಗೆ ಆ ನೀರು ಹಿಡಿಯೂದಿಲ್ಲ’ ಅನ್ನುತ್ತಿದ್ದರು. ಹುಟ್ಟಿದ ಮನೆಯ ಬಾವಿ ನೀರೂ ಇಲ್ಲವಾಯಿತು ಅಂತ ಇವರಿಗೆ ಗಂಟಲು ಕಟ್ಟಿತು. ಹೊರಡುವ ಮೊದಲು ಫೋನಿನಲ್ಲಿ ಏನು ಹೇಳಿದ್ದಿರಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕೂಸಿಗೆ ನೀರು ಹಿಡಿಯುತ್ತೋ ಇಲ್ವೋ ಅಂದಿದ್ದೆ’ ಎಂದರು. ಇಬ್ಬರೂ ನಕ್ಕೆವು. ಹೋಗಿ ಒಂದು ಲೋಟ ಕೇಳಿ ಕುಡಿಯಿರಿ, ಮಗುವಿಗೆ ಕಾಯಿಸಿ ಕೊಡಿ ಎಂದೆ.

ಮಗಳ ವಿಷಯದಲ್ಲಿ ಹೆಚ್ಚು ಹೇಳುವುದಿರಲಿಲ್ಲ. ಬಂದವರೆಲ್ಲ ‘ಕನ್ನಡ ಬರ್ತದಾ ಕೂಸೇ? ಮಾತಾಡು ನೋಡುವಾ’ ಎಂದು ಪರೀಕ್ಷೆ ಮಾಡುತ್ತಿದ್ದರು, ಅವಳು ಮಾಳಿಗೆ ಹತ್ತಿ ಕೂರುತ್ತಿದ್ದಳು. ಅಜ್ಜಿಯ ಜೊತೆ ಮಾತಿಗೆ ಕೂರಿಸಬೇಡಿ, ಕೆಲಸಕ್ಕೆ ಕೂರಿಸಿ ಎಂದೆ. ನಾಲ್ಕು ದಿನದಲ್ಲಿ ಅವಳಿಗೆ ಹೂ ಕಟ್ಟುವುದು ಬಂತಂತೆ, ಗಂಟು ಇನ್ನೂ ಸಡಿಲ.

ಅಣ್ಣ-ತಮ್ಮ ತೋಟಕ್ಕೆ ಹೋದರು. ಏನು ಮಾತಾಡಿದರೆಂದು ನನಗೆ ಪೂರ್ತಿ ಹೇಳಿಲ್ಲ, ಕೇಳಲೂ ಇಲ್ಲ. ಪುರೋಹಿತರ ಮಾತಿನಂತೆ ಇಬ್ಬರೂ ಗೋಕರ್ಣಕ್ಕೆ ಹೋಗಿಬಂದರು. ಸ್ಟಾಂಪಿಂಗ್ ತೊಂದರೆಯಿಲ್ಲದೆ ಆಯಿತು. ಮಷಿನ್ ಇದ್ದಲ್ಲೇ ಇದೆ. ಕುರ್ಚಿ ಅಟ್ಟದಿಂದ ಇಳಿದಿದೆ, ಬೆತ್ತ ಹೆಣೆಯುವವರು ಸಿಕ್ಕಿಲ್ಲ. ಜಾಗದ ಪಾಲಿನ ಮಾತು ಮಾತ್ರ ಇಬ್ಬರೂ ಎತ್ತಿಲ್ಲ. ಎಂದಾದರೂ ಎತ್ತಬೇಕಾಗುತ್ತದೆ, ಆಗ ನೆಂಟ ಅನ್ನುವ ಮಾತು ಮತ್ತೆ ಬಂದರೂ ಬಂದೀತು. ಪ್ರತಿ ಸಲ ಇಷ್ಟು ದೂರ ಬರಲಾಗದ ತಮ್ಮನಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆ ಬರೆದುಕೊಟ್ಟೆ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅವನು ಚೀಟಿಯನ್ನು ಮಡಚಿ ಅಂಗಿ ಜೇಬಿಗೆ ಹಾಕಿಕೊಂಡ.

ಮಾರ್ಚ್‌ನಲ್ಲಿ ಅಣ್ಣ ಫೋನ್ ಮಾಡಿದ್ದರು. ನಿದ್ದೆ ಪರವಾಗಿಲ್ಲ. ಮೊದಲು ದಿನಾ ಆಯಿಗೆ ಕರೆ ಮಾಡುತ್ತಿದ್ದರು, ಈಗ ಭಾನುವಾರ ತಮ್ಮನ ಫೋನಿಗೆ. ಈ ವರ್ಷದ ತಿಥಿಗೆ ಬರಲಾಗದು. ತಮ್ಮ ಈಗಲೇ ಮನೆಯೆಲ್ಲ ಸುತ್ತಿ ನೋಡಿದ್ದಾನಂತೆ, ದೇವರ ಕೋಣೆಯ ಕಿಟಕಿಯ ಮೇಲಿಟ್ಟರೆ ಫೋನಿಗೆ ಎರಡು ಗೆರೆ ಸಿಗ್ನಲ್ ಸಿಗುತ್ತದೆ.