ಪ್ರತಿಕ್ರಿಯೆ: ಪೋಲಿಷ್ ಬಣ್ಣದ ಜೋಡುಪದಗಳಲ್ಲಿ ಒತ್ತು ಎಲ್ಲಿ?

'ಬ್ಯಾವೊ-ಚೆರ್ವೊನಿ' (ಬಿಳಿ-ಕೆಂಪು) ಪದದಲ್ಲಿ ಎರಡು ಕಡೆ ಒತ್ತು ಬರುತ್ತಾ, ಕೆಲವು ಪದಗಳಿಗೆ ಮಾತ್ರ ಅಡ್ಡಗೆರೆ ಯಾಕೆ ಅಂತ ಕೇಳಿದ್ದೀರಿ.

ಮುಖ್ಯ ಒತ್ತು ಒಂದೇ. ಅದು ಕೊನೆಯಿಂದ ಎರಡನೇ ಉಚ್ಚಾರಾಂಶದ ಮೇಲೆ: ಬ್ಯಾ-ವೊ-ಚೆರ್-ವೊ-ನಿ, ಅಂದರೆ 'ನಿ'ಗೆ ಮುಂಚಿನ 'ವೊ' ಮೇಲೆ. ಮೊದಲ 'ಬ್ಯಾ' ಮೇಲೆ ಹಗುರವಾದ ಒತ್ತು ಕೇಳಿಸುತ್ತದೆ, ನಿಮಗೆ ಎರಡು ಅನ್ನಿಸಿದ್ದು ಅದಕ್ಕೇ. ಬರಹದಲ್ಲಿ 'ಬ್ಯಾ' ಒಳಗೆ 'ಇ' ಅಕ್ಷರ ಇದೆ, ಆದರೆ ಅದನ್ನು ಬೇರೆ ಉಚ್ಚಾರಾಂಶವಾಗಿ ಎಣಿಸಬೇಡಿ. ಅದು ಬರೀ 'ಬ'ವನ್ನು ಮೆದು ಮಾಡುತ್ತದೆ. ಒಟ್ಟು ಐದೇ.

ವಿಭಕ್ತಿ ಸೇರಿ ಒಂದು ಉಚ್ಚಾರಾಂಶ ಹೆಚ್ಚಾದಾಗ ಒತ್ತು ಮುಂದೆ ಸರಿಯುತ್ತದೆ: ಬ್ಯಾವೊ-ಚೆರ್ವೊನೆಗೊ, ಒತ್ತು 'ನೆ' ಮೇಲೆ. ಇಲ್ಲಿ ಬದಲಾಗುವುದು ಕೊನೆಯ ಭಾಗ ಮಾತ್ರ. ಮೊದಲ ಭಾಗ 'ಒ' ಹಚ್ಚಿಕೊಂಡು ಹಾಗೇ ಇರುತ್ತದೆ. ಈ ಭಾಷೆಯಲ್ಲಿ ನನಗೆ ತುಂಬಾ ಇಷ್ಟವಾದ ಅಚ್ಚುಕಟ್ಟು ಇದು.

ಇನ್ನು ಅಡ್ಡಗೆರೆ. ಎರಡೂ ಬಣ್ಣ ಬೇರೆಬೇರೆಯಾಗಿ, ಸಮಾನವಾಗಿ ಕಂಡರೆ ಗೆರೆ ಬೇಕು. ಪೋಲೆಂಡ್ ಬಾವುಟದ ಹಾಗೆ, ಮೇಲೆ ಬಿಳಿ, ಕೆಳಗೆ ಕೆಂಪು. ಮೊದಲ ಪದ ಎರಡನೆಯದರ ಛಾಯೆ ಹೇಳಿದರೆ ಗೆರೆ ಬೇಡ: 'ಚೆಮ್ನೊಚೆರ್ವೊನಿ' ನಮ್ಮ ಕಡುಗೆಂಪು, 'ಯಾಸ್ನೊನ್ಯೆಬ್ಯೆಸ್ಕಿ' ನಮ್ಮ ತಿಳಿನೀಲಿ. 'ಝುವ್ತೊ-ಝೆಲೋನಿ' ಅಂದರೆ ಹಳದಿಯೂ ಹಸಿರೂ ಬೇರೆಬೇರೆಯಾಗಿ ಇರುವುದು, ಎರಡು ಬಣ್ಣದ ಅಂಗಿಯ ಹಾಗೆ. ಗೆರೆ ತೆಗೆದರೆ ಹಳದಿ ಮಿಶ್ರಿತ ಹಸಿರು, ಒಂದೇ ಬಣ್ಣ. ಎರಡರಲ್ಲೂ ಮುಖ್ಯ ಒತ್ತು 'ಲೋ' ಮೇಲೇ, ಹಾಗಾಗಿ ಕಿವಿಯನ್ನು ನಂಬಿ ಬರೆಯಬೇಡಿ, ಅರ್ಥ ನೋಡಿ.